ಕಣ್ಣ ಕೆಳಗಿನ ಫಿಲ್ಲರ್: ಸೂಜಿ ಹಿಡಿದವರು ಯಾರು, ಆಸ್ಪತ್ರೆ ಎಷ್ಟು ದೂರ?

ಆರೋಗ್ಯದ ಬಗ್ಗೆ ಬರೀತೀನಿ ಅನ್ನೋ ಕಾರಣಕ್ಕೆ ನನಗೆ ಬರುವ ಮೆಸೇಜುಗಳಲ್ಲಿ ಮದುವೆ ಸೀಸನ್‌ಗೆ ಮುಂಚೆ ಈಗೀಗ ಒಂದು ಪ್ರಶ್ನೆ ಕಾಯಂ ಆಗಿದೆ: "ಅಕ್ಕಾ, ಕಣ್ಣ ಕೆಳಗೆ ಫಿಲ್ಲರ್ ಹಾಕಿಸ್ಕೊಬೋದಾ? ಹತ್ತೇ ನಿಮಿಷವಂತೆ, ಏನೂ ಆಗಲ್ವಂತೆ." ಕೇಳುವವರು ಬೆಂಗಳೂರಿನವರಷ್ಟೇ ಅಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಹೆಣ್ಣುಮಕ್ಕಳೂ ಇದ್ದಾರೆ, ಒಬ್ಬಿಬ್ಬರು ಹುಡುಗರೂ ಇದ್ದಾರೆ. ಹತ್ತು ನಿಮಿಷದ ಮಾತು ಸುಮಾರಾಗಿ ನಿಜ. ಏನೂ ಆಗಲ್ಲ ಅನ್ನೋದು ಬಹುತೇಕರ ಪಾಲಿಗೆ ನಿಜ. ಆದರೆ ಆಗಬಾರದ್ದು ಆದರೆ, ಮುಂದಿನ ಒಂದು ಗಂಟೆ ನೀವು ಎಲ್ಲಿರುತ್ತೀರಿ ಅನ್ನುವುದರ ಮೇಲೆ ಒಂದು ಕಣ್ಣಿನ ಕಥೆ ನಿಂತಿರುತ್ತೆ. ರೀಲ್ಸ್‌ನಲ್ಲಿ ಆ ಮಾತು ಬರೋದಿಲ್ಲ.

ಹೆಚ್ಚಾಗಿ ಬಳಸುವ ಫಿಲ್ಲರ್ ಹೈಯಲುರಾನಿಕ್ ಆಮ್ಲದ ಜೆಲ್. ಇದು ನಮ್ಮ ಚರ್ಮದಲ್ಲಿ, ಕೀಲುಗಳಲ್ಲಿ ಸಹಜವಾಗಿಯೇ ಇರುವ, ನೀರನ್ನು ಹಿಡಿದಿಟ್ಟುಕೊಳ್ಳುವ ವಸ್ತು. ಕೆಳರೆಪ್ಪೆಗೂ ಕೆನ್ನೆಗೂ ನಡುವೆ, ಮೂಗಿನ ಪಕ್ಕದಿಂದ ಇಳಿಯುವ ತಗ್ಗಿಗೆ ಇದನ್ನು ಚುಚ್ಚಿದರೆ ಗುಳಿ ತುಂಬಿ ನೆರಳು ಕಮ್ಮಿಯಾಗುತ್ತೆ. ಹಳೇ ಚಿಕಿತ್ಸೆ ಅಂದುಕೊಳ್ಳಬೇಡಿ. ಅಮೆರಿಕದ ಎಫ್‌ಡಿಎ ನಿರ್ದಿಷ್ಟವಾಗಿ ಈ ಜಾಗಕ್ಕೆಂದು ಒಂದು ಫಿಲ್ಲರಿಗೆ ಮೊದಲ ಸಲ ಒಪ್ಪಿಗೆ ಕೊಟ್ಟಿದ್ದೇ 2022ರಲ್ಲಿ. ಅಲ್ಲಿವರೆಗೆ ಹಾಕಿದ್ದೆಲ್ಲ ಬೇರೆ ಜಾಗಕ್ಕೆ ಒಪ್ಪಿಗೆ ಪಡೆದ ಜೆಲ್ ಅನ್ನು ವೈದ್ಯರು ತಮ್ಮ ವಿವೇಚನೆಯ ಮೇಲೆ ಬಳಸಿದ್ದು.

ಇಲ್ಲೊಂದು ಗೊಂದಲ ಇದೆ. "ಕಣ್ಣ ಕೆಳಗೆ ಕಪ್ಪು" ಅಂತ ನಾವು ಕರೆಯೋದು ಒಂದೇ ಸಮಸ್ಯೆ ಅಲ್ಲ. ಕಣ್ಣು ಗುಳಿಬಿದ್ದು ಬೀಳುವ ನೆರಳು ಒಂದು. ಚರ್ಮದ ಬಣ್ಣವೇ ಅಲ್ಲಿ ಗಾಢವಾಗಿರುವುದು ಇನ್ನೊಂದು. ಇದು ನಮ್ಮಂಥ ಕಂದು ಚರ್ಮದವರಲ್ಲಿ ಬಹಳ ಸಾಮಾನ್ಯ, ಎಷ್ಟೋ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೂ ಬಂದಿರುತ್ತೆ. ತೆಳು ಚರ್ಮದ ಅಡಿಯ ರಕ್ತನಾಳ ನೀಲಿಯಾಗಿ ಕಾಣೋದು ಮತ್ತೊಂದು, ಕೊಬ್ಬು ಅಥವಾ ನೀರು ತುಂಬಿ ಊದಿಕೊಳ್ಳೋದು ಬೇರೆಯೇ. ಫಿಲ್ಲರ್ ಕೆಲಸ ಮಾಡೋದು ಮೊದಲನೆಯದಕ್ಕೆ ಮಾತ್ರ. ಕಿಟಕಿಗೆ ಮುಖ ಮಾಡಿ, ಕೈಗನ್ನಡಿಯನ್ನು ಎದುರಿಗೆ ಹಿಡಿದು ನೋಡಿ. ನೇರ ಬೆಳಕಿನಲ್ಲಿ ಕಪ್ಪು ಬಹುತೇಕ ಮಾಯವಾದರೆ ಅದು ಹೆಚ್ಚಾಗಿ ನೆರಳು. ಹಾಗೇ ಉಳಿದರೆ ಹೆಚ್ಚಾಗಿ ಬಣ್ಣ. ಬಣ್ಣಕ್ಕೆ ಜೆಲ್ ತುಂಬಿಸೋದು ಗೋಡೆ ಕಪ್ಪಾಗಿದೆ ಅಂತ ಅದನ್ನು ದಪ್ಪ ಮಾಡಿದ ಹಾಗೆ.

ಸರಿಯಾದ ಕಾರಣಕ್ಕೇ ಹಾಕಿಸಿದರೂ ಈ ಜಾಗ ತಪ್ಪನ್ನು ಮುಚ್ಚಿಡೋದಿಲ್ಲ. ಇಲ್ಲಿನ ಚರ್ಮ ಮೈಯಲ್ಲೇ ಅತಿ ತೆಳು. ಜೆಲ್ ಸ್ವಲ್ಪ ಮೇಲೆ ಕೂತರೆ ಬೆಳಕು ಚದುರಿ ನೀಲಿ ಛಾಯೆ ಕಾಣುತ್ತೆ. ಕಪ್ಪು ಹೋಗಲಿ ಅಂತ ಹೋದವರು ನೀಲಿ ಹೊತ್ತು ಬರೋದು ಹೀಗೆ. ನೀರು ಹಿಡಿಯುವ ಗುಣದಿಂದ ಕೆಲವರಿಗೆ ಬೆಳಗ್ಗೆ ಎದ್ದಾಗ ಊದು ಹೆಚ್ಚಾಗುತ್ತೆ, ಗಂಟು ಕಟ್ಟುವುದೂ ಉಂಟು. ವರ್ಷದಲ್ಲಿ ತಾನೇ ಕರಗುತ್ತೆ ಅಂತಾರೆ. ಕಣ್ಣಿನ ಸುತ್ತ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಉಳಿದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಸಮಾಧಾನದ ವಿಷಯ ಅಂದ್ರೆ, ಹೈಯಲುರಾನಿಡೇಸ್ ಅನ್ನೋ ಕಿಣ್ವ ಚುಚ್ಚಿ ಈ ಜೆಲ್ ಕರಗಿಸಬಹುದು. ಕ್ಯಾಲ್ಸಿಯಂ ಅಥವಾ ಪ್ಲಾಸ್ಟಿಕ್ ಕಣಗಳಿರುವ ಬೇರೆ ಬಗೆಯ ಫಿಲ್ಲರುಗಳನ್ನು ಇದು ಕರಗಿಸೋದಿಲ್ಲ. ಸಿರಿಂಜಿನಲ್ಲಿ ಏನಿದೆ ಅಂತ ಕೇಳೋದು ಅದಕ್ಕೇ ಮುಖ್ಯ.

ಈಗ ದೊಡ್ಡ ಅಪಾಯ. ಮುಖದ ರಕ್ತನಾಳಗಳಿಗೂ ಕಣ್ಣಿಗೆ ರಕ್ತ ಕೊಡುವ ನಾಳಕ್ಕೂ ಒಳಗೊಳಗೇ ಸಂಪರ್ಕ ಇದೆ. ಸೂಜಿ ತುದಿ ನಾಳದೊಳಗೆ ಹೊಕ್ಕು, ಒತ್ತಡದಿಂದ ಜೆಲ್ ನುಗ್ಗಿದರೆ ಅದು ಹಿಮ್ಮುಖವಾಗಿ ಹರಿದು ಅಕ್ಷಿಪಟಲದ ರಕ್ತವನ್ನೇ ತಡೆಯಬಹುದು. ಆ ಕ್ಷಣದಲ್ಲೇ ಒಂದು ಕಣ್ಣು ಕತ್ತಲಾಗುತ್ತೆ. ಇದು ಬಹಳ ಅಪರೂಪ. ಹಣೆ, ಹುಬ್ಬಿನ ನಡು, ಮೂಗಿಗೆ ಹಾಕುವಾಗಿನ ಅಪಾಯ ಕಣ್ಣ ಕೆಳಗಿನದಕ್ಕಿಂತ ಹೆಚ್ಚು. ಆದರೆ ಆದಾಗ ದೃಷ್ಟಿ ಪೂರ್ತಿ ಮರಳಿದವರು ಕಮ್ಮಿ. ರಕ್ತ ಇಲ್ಲದೆ ಅಕ್ಷಿಪಟಲ ಸುಮಾರು ಒಂದೂವರೆ ಗಂಟೆ ತಡೆಯಬಹುದು ಅಂತ ವೈದ್ಯರು ಲೆಕ್ಕ ಹಾಕುತ್ತಾರೆ. ಅದಕ್ಕಿಂತ ಬೇಗನೇ ಹಾನಿ ಆಗಬಹುದು ಅನ್ನುವವರೂ ಇದ್ದಾರೆ.

ಈ ಒಂದೂವರೆ ಗಂಟೆಯನ್ನು ನಮ್ಮ ನಕ್ಷೆ ಮೇಲೆ ಇಟ್ಟು ನೋಡಿ. ಶ್ರೀರಂಗಪಟ್ಟಣದಿಂದ ಮೈಸೂರಿನ ಕೆ.ಆರ್. ಆಸ್ಪತ್ರೆ ಅರ್ಧ ಗಂಟೆಯ ದಾರಿ. ಪಾಂಡವಪುರದವರು ಇನ್ನೂ ಸ್ವಲ್ಪ ಸೇರಿಸಿಕೊಳ್ಳಬೇಕು. ಕೆ.ಆರ್. ಪೇಟೆಯಿಂದ ಮೈಸೂರು ಐವತ್ತು ಕಿಲೋಮೀಟರ್ ದಾಟುತ್ತೆ. ಬಸ್ಸು ಕಾದು, ಹತ್ತಿ, ಇಳಿಯುವ ಹೊತ್ತಿಗೆ ಆ ಅವಧಿ ಮುಗಿದಿರುತ್ತೆ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿದೆ, ಮಂಡ್ಯದಲ್ಲಿ ಮಿಮ್ಸ್ ಇದೆ. ಆದರೆ ದೊಡ್ಡ ಆಸ್ಪತ್ರೆ ಇದ್ದರೆ ಸಾಲದು. ಚುಚ್ಚಿದ ಜಾಗದಲ್ಲೇ ಆ ಕಿಣ್ವ ಕೈಗೆ ಸಿಗುವಂತಿರಬೇಕು, ಆಗಿದ್ದೇನು ಅಂತ ಗುರುತಿಸುವ ವೈದ್ಯರಿರಬೇಕು. ಚರ್ಮ ಬಿಳಿಚಿಕೊಳ್ಳುವುದು, ಬಲೆಯ ಹಾಗೆ ಕೆನ್ನೀಲಿ ಗೆರೆ ಮೂಡುವುದು, ತಡೆಯಲಾರದ ನೋವು, ರೆಪ್ಪೆ ಜೋತುಬೀಳುವುದು, ಮಂಜು ಕವಿಯುವುದು, ವಾಂತಿ: ಇವುಗಳಲ್ಲಿ ಯಾವುದೇ ಕಂಡರೂ "ಐಸ್ ಇಟ್ಕೊಳ್ಳಿ, ನಾಳೆ ಬನ್ನಿ" ಅನ್ನುವವರ ಮಾತು ಕೇಳಬೇಡಿ.

ಹಾಗಾದರೆ ಸೂಜಿ ಹಿಡಿಯುವವರು ಯಾರು? ಚರ್ಮದೊಳಗೆ ಚುಚ್ಚುವುದು ವೈದ್ಯಕೀಯ ಕೆಲಸ. ಬ್ಯೂಟಿ ಪಾರ್ಲರ್ ಕೋರ್ಸಿನ ಸರ್ಟಿಫಿಕೇಟು ಅದಕ್ಕೆ ಅರ್ಹತೆ ಆಗೋದಿಲ್ಲ. ಖಾಸಗಿ ಕ್ಲಿನಿಕ್ಕುಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿ ನೋಂದಣಿ ಆಗಿರಲೇಬೇಕು. 2022ರ ಮೇನಲ್ಲಿ ಬೆಂಗಳೂರಿನ ಖಾಸಗಿ ಕ್ಲಿನಿಕ್ಕೊಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ಅದು ಫಿಲ್ಲರ್ ಅಲ್ಲ, ಶಸ್ತ್ರಚಿಕಿತ್ಸೆ. ಆದರೂ ಆ ಜಾಗದಲ್ಲಿ ಅದನ್ನು ಮಾಡಲು ಅನುಮತಿ ಇತ್ತೇ ಅನ್ನೋ ಪ್ರಶ್ನೆ ಎದ್ದದ್ದು ಸಾವಿನ ನಂತರ.

ನಮ್ಮ ಜಿಲ್ಲೆಯ ಅನುಭವ ಇನ್ನೂ ಕಹಿ. ಭ್ರೂಣಲಿಂಗ ಪತ್ತೆಗೆ ದೇಶದಲ್ಲೇ ಕಠಿಣ ಕಾನೂನಿದೆ, ಪ್ರತಿ ಸ್ಕ್ಯಾನಿಂಗ್ ಯಂತ್ರವೂ ನೋಂದಣಿ ಆಗಬೇಕು. ಆದರೂ 2023ರಲ್ಲಿ ಬಯಲಾದ ಜಾಲ ಮಂಡ್ಯ ಹತ್ತಿರದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಸುತ್ತಿತ್ತು. 2024ರಲ್ಲಿ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಭ್ರೂಣಹತ್ಯೆಯ ಪ್ರಕರಣ ಹೊರಬಂತು. ಬೆಲ್ಲ ಕಾಯಿಸುವ ಜಾಗದಲ್ಲಿದ್ದ ಯಂತ್ರ ವ್ಯವಸ್ಥೆಯ ಕಣ್ಣಿಗೆ ಬೇಗ ಬೀಳಲಿಲ್ಲ ಅಂದಮೇಲೆ, ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಯುವ ಸಿರಿಂಜು ಬೀಳುತ್ತಾ? ಯಾವ ಪಾರ್ಲರಿನ ಕಡೆಗೂ ನಾನು ಬೆರಳು ತೋರಿಸುತ್ತಿಲ್ಲ. ಪಾರ್ಲರ್ ನಡೆಸುವ ಹೆಚ್ಚಿನವರು ಸಾಲ ಮಾಡಿ ಸ್ವಂತ ಕಾಲ ಮೇಲೆ ನಿಂತ ಹೆಣ್ಣುಮಕ್ಕಳು. ತಪಾಸಣೆ ಮಾಡಬೇಕಾದವರು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರ, ಜಿಲ್ಲಾ ಆರೋಗ್ಯಾಧಿಕಾರಿ. ಸಾವೋ ಕುರುಡೋ ಆಗುವ ಮುಂಚೆ ಅವರು ಬಾಗಿಲು ತಟ್ಟಬೇಕು ಅನ್ನೋದು ನನ್ನ ತಕರಾರು. ಆನ್‌ಲೈನಿನಲ್ಲಿ ಸಿಗುವ, ಸೂಜಿಯಿಲ್ಲದ "ಹೈಯಲುರಾನ್ ಪೆನ್" ಬೇಡವೇ ಬೇಡ. ಎಫ್‌ಡಿಎ 2021ರಲ್ಲೇ ಅದರ ವಿರುದ್ಧ ಎಚ್ಚರಿಕೆ ಕೊಟ್ಟಿದೆ.

ಪರ್ಯಾಯ ಏನು? ಮೊದಲು ಹಿಮೋಗ್ಲೋಬಿನ್ ನೋಡಿಸಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ರಕ್ತಹೀನತೆ. ಮುಖ ಬಿಳಿಚಿಕೊಂಡಾಗ ಕಣ್ಣ ಕೆಳಗಿನ ಗೆರೆ ಎದ್ದು ಕಾಣುತ್ತೆ. ಪರೀಕ್ಷೆಯೂ ಕಬ್ಬಿಣದ ಮಾತ್ರೆಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿ. ಊಟದ ಹಿಂದೆಯೇ ಟೀ ಕುಡಿದರೆ ಕಬ್ಬಿಣ ಸರಿಯಾಗಿ ಹೀರಿಕೊಳ್ಳೋದಿಲ್ಲ. ಬೆಳಗ್ಗೆ ಮುಖವೇ ಊದಿರುತ್ತೆ ಅನ್ನೋದಾದರೆ ಥೈರಾಯ್ಡ್, ಮೂತ್ರಪಿಂಡ ಪರೀಕ್ಷೆ ಮುಖ್ಯ. ಅಲರ್ಜಿಗೆ ಕಣ್ಣು ಉಜ್ಜಿ ಉಜ್ಜಿ ಕಪ್ಪಾಗುವವರು ಬಹಳ. ಅಲರ್ಜಿಗೆ ಔಷಧಿ ತಗೊಂಡರೆ ಅರ್ಧ ಸಮಸ್ಯೆ ಇಳಿಯುತ್ತೆ. ನಿದ್ದೆ ಮಾಡಿ ಅಂತ ಹೇಳೋಕೆ ನನಗೆ ಸಂಕೋಚ. ಬೆಳಗ್ಗೆ ಐದಕ್ಕೆ ಎದ್ದು ಅಡುಗೆ ಮುಗಿಸಿ ಗಾರ್ಮೆಂಟ್ಸ್ ಬಸ್ಸು ಹತ್ತುವವಳಿಗೆ ಅದು ಸಲಹೆಯಲ್ಲ, ಅಣಕ.

ಬಣ್ಣಕ್ಕೆ ಸನ್‌ಸ್ಕ್ರೀನ್, ಚರ್ಮವೈದ್ಯರು ಹೇಳಿದ ರೆಟಿನಾಲ್ ಅಥವಾ ವಿಟಮಿನ್ ಸಿ ತಿಂಗಳುಗಟ್ಟಲೆ ಹಚ್ಚಿದರೆ ಸ್ವಲ್ಪ ತಿಳಿಯಾಗುತ್ತೆ. ಪೂರ್ತಿ ಹೋಗುತ್ತೆ ಅಂತ ಮಾತು ಕೊಡುವವರನ್ನು ನಂಬಬೇಡಿ. ಲೇಸರ್ ನಮ್ಮ ಚರ್ಮಕ್ಕೆ ಎರಡಲುಗಿನ ಕತ್ತಿ, ಉರಿಯೂತದಿಂದ ಇನ್ನೂ ಕಪ್ಪಾಗಬಹುದು. ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಕೊಡುವ ಸ್ಟಿರಾಯ್ಡ್ ಕ್ರೀಮು ಫಿಲ್ಲರಿಗಿಂತ ಅಗ್ಗ, ಅದಕ್ಕೇ ಹೆಚ್ಚು ಜನರಿಗೆ ಅಪಾಯ. ಕಣ್ಣ ಸುತ್ತ ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತೆ, ಗ್ಲಾಕೋಮಾ, ಕಣ್ಣಿನ ಪೊರೆಯೂ ಬರಬಹುದು. ಕೊಬ್ಬಿನ ಚೀಲ ಜೋತುಬಿದ್ದಿದ್ದರೆ ರೆಪ್ಪೆಯ ಶಸ್ತ್ರಚಿಕಿತ್ಸೆಯೇ ನೇರ ದಾರಿ, ಅದೂ ನುರಿತವರ ಕೈಯಲ್ಲಿ. ಮದುವೆ ದಿನಕ್ಕಷ್ಟೇ ಆದರೆ ಪೀಚ್ ಬಣ್ಣದ ಕನ್ಸೀಲರ್ ಸಾಕು.

ಇಷ್ಟೆಲ್ಲ ಕೇಳಿದ ಮೇಲೂ ಹಾಕಿಸಿಕೊಳ್ಳೋದು ನಿಮ್ಮ ಹಕ್ಕು. ಮೈ ನಿಮ್ಮದು. ಹೋಗೋದಾದರೆ ಮದುವೆಗೆ ಮೂರು ದಿನ ಮುಂಚೆ ಹೋಗಬೇಡಿ. ಬಾವು, ಕಂದು ಇಳಿಯಲು ವಾರಗಳು ಬೇಕಾಗಬಹುದು. ಕೆಪಿಎಂಇ ನೋಂದಣಿ ಸಂಖ್ಯೆ ಗೋಡೆ ಮೇಲಿದೆಯಾ ನೋಡಿ. ಚುಚ್ಚುವವರು ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿ ತಜ್ಞರಾ ಅಂತ ಕೇಳಿ. ಸೀಲು ಒಡೆಯದ ಡಬ್ಬ ನಿಮ್ಮೆದುರೇ ತೆರೆಯಲಿ, ಬ್ಯಾಚ್ ಸಂಖ್ಯೆಯ ಸ್ಟಿಕ್ಕರ್ ಮನೆಗೆ ತನ್ನಿ. ಅಸಲಿ ಜೆಲ್‌ನ ಒಂದು ಸಿರಿಂಜಿಗೇ ಸಾಮಾನ್ಯವಾಗಿ ಹತ್ತಾರು ಸಾವಿರ ಆಗುತ್ತೆ. ಮೂರು ಸಾವಿರಕ್ಕೆ ಕೊಡ್ತೀವಿ ಅಂದರೆ ಒಳಗೆ ಬೇರೇನೋ ಇರಬಹುದು. "ಹೈಯಲುರಾನಿಡೇಸ್ ಇಟ್ಟಿದ್ದೀರಾ, ತೋರಿಸಿ" ಅಂತ ಬಾಯಿಬಿಟ್ಟು ಕೇಳಿ. ತೋರಿಸದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಬನ್ನಿ, ಬರುವಾಗ ಬೋರ್ಡಿನ ಒಂದು ಫೋಟೋ ತೆಗೆದು ಮಂಡ್ಯದ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ತಗೊಳ್ಳಿ.