ಹಳತಾಗದ ನೆಲ, ಹಳತಾಗದ ಅಡುಗೆಕಟ್ಟೆ

ಗೋಡೆಗೆ ಬಳಿದ ಬಣ್ಣ ಮನಸ್ಸಿಗೆ ಹಿಡಿಸದಿದ್ದರೆ ಮುಂದಿನ ದೀಪಾವಳಿಗೆ ಬದಲಾಯಿಸಬಹುದು. ನೆಲವನ್ನಾಗಲಿ ಅಡುಗೆಮನೆಯ ಕಟ್ಟೆಯನ್ನಾಗಲಿ ಹಾಗೆ ಬದಲಾಯಿಸುವುದು ಸುಲಭವಲ್ಲ. ಒಮ್ಮೆ ಹಾಸಿದ್ದು ಮೊಮ್ಮಕ್ಕಳ ಕಾಲದವರೆಗೂ ಇರತಕ್ಕದ್ದು. ಆದ್ದರಿಂದ ಅಂಗಡಿಯ ದೀಪದ ಬೆಳಕಿನಲ್ಲಿ ಥಳಥಳಿಸುವುದಕ್ಕೆ ಮರುಳಾಗುವ ಮೊದಲು ಎರಡು ಗಳಿಗೆ ಯೋಚಿಸುವುದು ಲೇಸು.

ಆಳುಪರ ರಾಜಧಾನಿಯಾಗಿದ್ದ ಬಾರ್ಕೂರನ್ನೇ ನೋಡಿ. ಅಲ್ಲಿನ ಅರಮನೆಗಳ ವೈಭವ ಅಳಿಯಿತು. ಕತ್ತಲೆ ಬಸದಿಯ ಶಿಲೆ ಉಳಿದಿದೆ. ಈ ಸೀಮೆಯ ಹಳೆಯ ಮನೆಗಳಲ್ಲಿ ಗೋಡೆಗೆ ಮುರಕಲ್ಲು, ಮೆಟ್ಟಿಲಿಗೆ ಶಿಲೆಕಲ್ಲು, ಒಳಗೆ ಸಗಣಿ ಸಾರಿಸಿದ ನೆಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಸುಟ್ಟ ಮಣ್ಣಿನ ನೆಲಹಂಚುಗಳೂ ಬಳಕೆಗೆ ಬಂದವು. ಆಮೇಲೆ ಕೆಂಪು ಗಾರೆ, ಮೊಸಾಯಿಕ್, ಅಮೃತಶಿಲೆ, ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್. ಪ್ರತಿಯೊಂದೂ ತನ್ನ ಕಾಲಕ್ಕೆ ಹೊಸ ಫ್ಯಾಶನ್ನೇ. ಇವುಗಳಲ್ಲಿ ಚೆಲುವು ಮಾಸದೆ ಉಳಿಯುವುದು ಯಾವುದು? ನಮ್ಮ ಮಳೆಗೆ, ನಮ್ಮ ಅಡುಗೆಗೆ ಒಗ್ಗುವುದು.

ಮೊದಲು ಅಡುಗೆಕಟ್ಟೆ. ನಮ್ಮ ಅಡುಗೆಯಲ್ಲಿ ಹುಣಸೆ, ಲಿಂಬೆ, ಪುನರ್ಪುಳಿ ಇಲ್ಲದ ದಿನವಿಲ್ಲ. ಅಮೃತಶಿಲೆ, ಕಡಪಕಲ್ಲು, ಶಹಾಬಾದ್ ಕಲ್ಲು ಇವೆಲ್ಲ ಸುಣ್ಣದ ಅಂಶವುಳ್ಳವು. ಹುಳಿ ತಾಗಿದಲ್ಲಿ ಮೆರುಗು ಕಳೆದುಕೊಳ್ಳುತ್ತವೆ. ಗ್ರಾನೈಟಿಗೆ ಈ ಭಯ ಕಡಿಮೆ. ಕಾರ್ಕಳದ ಗೊಮ್ಮಟ 1432ರಿಂದ ಬಯಲಿನಲ್ಲಿ ನಿಂತು 600ರ ಹತ್ತಿರ ಮಳೆಗಾಲಗಳನ್ನು ಕಂಡದ್ದು ಇಂಥ ಗಟ್ಟಿ ಶಿಲೆಯ ಬಲದಿಂದಲೇ. ಅಂಗಡಿಯಿಂದ ಒಂದು ತುಂಡು ಕೇಳಿ ತನ್ನಿ. ಅದರ ಮೇಲೆ ಲಿಂಬೆರಸ ಹನಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒರೆಸಿ ನೋಡಿದಾಗ ಮಂಕಾಗಿದ್ದರೆ ಅದು ಕಟ್ಟೆಗೆ ತಕ್ಕುದಲ್ಲ. ಕಪ್ಪು ಕಲ್ಲಿಗೆ ಬಣ್ಣ ಹಚ್ಚಿ ಮಾರುವುದೂ ಉಂಟು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಉಜ್ಜಿದರೆ ಗುಟ್ಟು ಹೊರಬೀಳುತ್ತದೆ.

ಈಗ ಕೃತಕ ಸ್ಫಟಿಕದ ಹಲಗೆಗಳು ಬಂದಿವೆ. ಕಲೆ ಹಿಡಿಯುವುದು ಕಡಿಮೆ, ನಿಜ. ಆದರೆ ಕಲ್ಲಿನ ಪುಡಿಯನ್ನು ಕೂಡಿಸಿರುವುದು ರಾಳ. ಒಲೆಯಿಂದಿಳಿಸಿದ ಬಾಣಲೆಯನ್ನು ನೇರವಾಗಿ ಇಟ್ಟರೆ ಅದು ಕೆಡಬಹುದು. ಅದನ್ನು ಕೊಯ್ಯುವಾಗ ಏಳುವ ಧೂಳು ಕೆಲಸಗಾರರ ಶ್ವಾಸಕೋಶಕ್ಕೆ ಮಾರಕವೆಂದು ಆಸ್ಟ್ರೇಲಿಯಾ 2024ರ ಜುಲೈಯಲ್ಲಿ ಇಂಥ ಹಲಗೆಗಳನ್ನು ನಿಷೇಧಿಸಿತು. ಯಾವ ಕಲ್ಲನ್ನೇ ಕೊಯ್ಯಿಸಿ, ನೀರು ಹಾಯಿಸುತ್ತ ಕೊಯ್ಯುವಂತೆ ಹೇಳುವುದು ಮನೆಯೊಡೆಯರ ಧರ್ಮ.

ಇನ್ನು ನೆಲ. ಆಷಾಢದಲ್ಲಿ ಅಂಗಳದಿಂದ ಒದ್ದೆಕಾಲಿನಲ್ಲಿ ಒಳಬರುವ ಅಜ್ಜಿಯನ್ನು ನೆನೆದುಕೊಳ್ಳಿ. ಕನ್ನಡಿಯಂತಹ ನೆಲ ಅವರ ಸೊಂಟದ ಎಲುಬಿಗೆ ವೈರಿ. ಜಗಲಿ, ಬಚ್ಚಲು, ಅಡುಗೆಮನೆಗಳಿಗೆ ಮೆರುಗಿಲ್ಲದ, ತುಸು ಒರಟಾದ ಮೈಯ ಹಾಸನ್ನೇ ಆರಿಸಿ. ಒಳ್ಳೆಯ ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಶೇಕಡಾ 0.5ನ್ನು ಮೀರುವುದಿಲ್ಲ, ಇದು ನಮ್ಮ ಕರಾವಳಿಗೆ ಅನುಕೂಲ. ಆದರೆ ಒಂದು ಮಾದರಿ ಕೆಲವೇ ವರ್ಷಗಳಲ್ಲಿ ಅಂಗಡಿಯಿಂದ ಮಾಯವಾಗಬಹುದು. ಒಂದು ಒಡೆದರೆ ಜೋಡಿ ಸಿಗದು. ಒಂದೆರಡು ಪೆಟ್ಟಿಗೆ ಹೆಚ್ಚಿಗೆ ಕೊಂಡು ಅಟ್ಟದಲ್ಲಿಡಿ. ದೊಡ್ಡ ಹೂಬಳ್ಳಿಯ ಚಿತ್ರಗಳಿಗಿಂತ ಮಣ್ಣು, ಕಲ್ಲುಗಳ ಸಹಜ ಬಣ್ಣ ಬೇಗ ಬೇಸರ ತರುವುದಿಲ್ಲ.

ಹಿರಿಯರ ಮನೆಯನ್ನು ದುರಸ್ತಿ ಮಾಡುವವರಿಗೆ ಒಂದು ಮಾತು. ಹಳೆಯ ಕೆಂಪು ಗಾರೆ ಗಟ್ಟಿಯಾಗಿದ್ದರೆ ಅಗೆಯಬೇಡಿ. ದಶಕಗಳ ಕಾಲ ಒರೆಸಿ ಒರೆಸಿ ಬಂದ ಆ ನುಣುಪನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು. ಅಲ್ಲಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ವಯಸ್ಸಿನ ಗೆರೆಯೆಂದುಕೊಳ್ಳಿ. ಗಾರೆ ಟೊಳ್ಳಾಗಿ ಸದ್ದು ಮಾಡುತ್ತಿದ್ದರೆ, ತಳದಿಂದ ಶೀತ ಏರುತ್ತಿದ್ದರೆ ಮಾತ್ರ ತೆಗೆಯಿಸಿ. ಶೀತದ ಕಾರಣವನ್ನು ಸರಿಪಡಿಸಿದ ಮೇಲೆಯೇ ಹೊಸದನ್ನು ಹಾಸಿ. ಕೆಳಗಿನ ತೇವ ನಿಲ್ಲದಿದ್ದರೆ ಮೇಲಿನ ಚೆಲುವೂ ನಿಲ್ಲದು.