ವಜ್ರಮುನಿ: ತೆರೆಯ ಬಿಂಬ ಮತ್ತು ನಿಜ ವ್ಯಕ್ತಿತ್ವ

ವಜ್ರಮುನಿ (1944–2006) ಕನ್ನಡ ಚಲನಚಿತ್ರರಂಗದ ಪ್ರಸಿದ್ಧ ಖಳನಟರಲ್ಲಿ ಒಬ್ಬರು. ಅವರ ಮೂಲ ಹೆಸರು ಸದಾನಂದ ಸಾಗರ್. ಪ್ರೇಕ್ಷಕರು ಅವರಿಗೆ ‘ನಟಭಯಂಕರ’ ಎಂಬ ಬಿರುದನ್ನು ಪ್ರೀತಿಯಿಂದ ನೀಡಿದ್ದರು. ತೆರೆಯ ಮೇಲೆ ಕ್ರೌರ್ಯ, ದರ್ಪ ಹಾಗೂ ಕಪಟಗಳ ಪ್ರತಿರೂಪವಾಗಿ ಕಾಣಿಸಿಕೊಂಡ ಅವರನ್ನು ಸಹಕಲಾವಿದರು ಮೃದುಭಾಷಿ, ಸ್ನೇಹಪರ ವ್ಯಕ್ತಿ ಎಂದು ಸ್ಮರಿಸಿದ್ದಾರೆ. ನಟನ ಪಾತ್ರಬಿಂಬಕ್ಕೂ ನಿಜ ಸ್ವಭಾವಕ್ಕೂ ಇರುವ ಅಂತರಕ್ಕೆ ಕನ್ನಡದಲ್ಲಿ ಮೇಲಿಂದ ಮೇಲೆ ನೀಡಲಾಗುವ ಉದಾಹರಣೆ ಇವರದು.

ವೃತ್ತಿಜೀವನ

ವಜ್ರಮುನಿ ರಂಗಭೂಮಿಯಿಂದ ಬಂದವರು. ‘ಪ್ರಚಂಡ ರಾವಣ’ ನಾಟಕದ ರಾವಣನ ಪಾತ್ರ ಅವರಿಗೆ ಹೆಸರು ತಂದಿತು. ಪುಟ್ಟಣ್ಣ ಕಣಗಾಲ್ ನಿರ್ದೇಶನದ ‘ಮಲ್ಲಮ್ಮನ ಪವಾಡ’ (1969) ಚಿತ್ರದ ಮೂಲಕ ಅವರು ಬೆಳ್ಳಿತೆರೆಗೆ ಪರಿಚಿತರಾದರು. ಮುಂದೆ ‘ಮಯೂರ’ (1975), ‘ಪ್ರೇಮದ ಕಾಣಿಕೆ’ (1976), ‘ಗಿರಿಕನ್ಯೆ’ (1977) ಮೊದಲಾದ ಚಿತ್ರಗಳಲ್ಲಿ ಡಾ. ರಾಜಕುಮಾರ್ ಅವರಿಗೆ ಎದುರಾಳಿಯಾಗಿ ಅಭಿನಯಿಸಿದರು.

ಅವರ ನೆನಪಿನಲ್ಲುಳಿಯುವ ಪಾತ್ರಗಳಲ್ಲಿ ‘ಸಂಪತ್ತಿಗೆ ಸವಾಲ್’ (1974) ಚಿತ್ರದ ಸಾಹುಕಾರ ಸಿದ್ದಪ್ಪನದೂ ಒಂದು. ಈ ಚಿತ್ರಕ್ಕೆ ಆಧಾರವಾದದ್ದು ಪಿ. ಬಿ. ಧುತ್ತರಗಿಯವರ ಅದೇ ಹೆಸರಿನ ನಾಟಕ. ಧುತ್ತರಗಿಯವರು ಅವಿಭಜಿತ ವಿಜಯಪುರ ಜಿಲ್ಲೆಯ ಸೂಳೇಭಾವಿಯವರು. 1997ರ ಜಿಲ್ಲಾ ವಿಭಜನೆಯ ನಂತರ ಆ ಊರು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಹೀಗಾಗಿ ಸಿದ್ದಪ್ಪನಂಥ ಪಾತ್ರ ಉತ್ತರ ಕರ್ನಾಟಕದ ಪ್ರೇಕ್ಷಕರಿಗೆ ಸಿನಿಮಾಕ್ಕಿಂತ ಮೊದಲೇ ಕಂಪನಿ ನಾಟಕಗಳ ಮೂಲಕ ಪರಿಚಿತವಾಗಿತ್ತು.

ಬಿಂಬ ರೂಪುಗೊಳ್ಳುವ ಬಗೆ

ಖಳನ ಬಿಂಬವನ್ನು ನಟನೊಬ್ಬನೇ ಕಟ್ಟುವುದಿಲ್ಲ. ಪ್ರಸಾಧನ, ಕೆಳಗಿನಿಂದ ಮೇಲಕ್ಕೆ ನೋಡುವ ಕ್ಯಾಮೆರಾ ಕೋನ, ಮುಖದ ಅರ್ಧವನ್ನು ನೆರಳಿನಲ್ಲಿಡುವ ಬೆಳಕು, ಹಿನ್ನೆಲೆ ಸಂಗೀತ ಹಾಗೂ ಸಂಕಲನ ಇವೆಲ್ಲವೂ ಅದರಲ್ಲಿ ಪಾಲುಗೊಳ್ಳುತ್ತವೆ. ವಜ್ರಮುನಿಯವರ ವಿಷಯದಲ್ಲಿ ಇವುಗಳ ಜೊತೆಗೆ ಗಡುಸಾದ ಕಂಠ ಮತ್ತು ಅರಳಿದ ಕಣ್ಣುಗಳ ನೋಟ ಸೇರಿಕೊಂಡಿದ್ದವು. ಒಮ್ಮೆ ಒಂದು ಪಾತ್ರ ಜನಪ್ರಿಯವಾದರೆ ನಿರ್ಮಾಪಕರು ಅದೇ ಬಗೆಯ ಪಾತ್ರವನ್ನು ಮತ್ತೆ ಮತ್ತೆ ನೀಡುತ್ತಾರೆ. ಪುನರಾವರ್ತನೆಯಿಂದ ಪಾತ್ರದ ಗುಣ ನಟನ ಗುಣವೆಂಬ ಭ್ರಮೆ ಬಲಿಯುತ್ತದೆ.

ಅಮೆರಿಕದ ವಿದ್ವಾಂಸರಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲಿ, ಎಂದೂ ಭೇಟಿಯಾಗದ ಕಲಾವಿದರೊಂದಿಗೆ ಪ್ರೇಕ್ಷಕರು ಬೆಳೆಸಿಕೊಳ್ಳುವ ಏಕಮುಖ ಆತ್ಮೀಯತೆಯನ್ನು ವಿವರಿಸಿದರು. ಈ ಆತ್ಮೀಯತೆಯಂತೆಯೇ ದ್ವೇಷವೂ ಏಕಮುಖವಾಗಿರಬಲ್ಲದು.

ಭಾರತೀಯ ಕಾವ್ಯಮೀಮಾಂಸೆಯ ದೃಷ್ಟಿ

ಈ ಪ್ರಶ್ನೆ ಸಿನಿಮಾಕ್ಕಿಂತ ಬಹಳ ಹಳೆಯದು. ನಾಟ್ಯಶಾಸ್ತ್ರದ ರಸಸೂತ್ರವನ್ನು ವ್ಯಾಖ್ಯಾನಿಸಿದ ಶಂಕುಕನು ‘ಚಿತ್ರತುರಗ ನ್ಯಾಯ’ವನ್ನು ಮುಂದಿಟ್ಟನು. ಚಿತ್ರದಲ್ಲಿರುವ ಕುದುರೆಯನ್ನು ನೋಡಿದವನು ‘ಇದು ಕುದುರೆ’ ಎನ್ನುತ್ತಾನೆ. ಆದರೆ ಅದನ್ನು ಏರಲು ಹೋಗುವುದಿಲ್ಲ. ಹಾಗೆಯೇ ರಂಗದ ಮೇಲಿನ ನಟನನ್ನು ರಾಮನೆಂದು ಗ್ರಹಿಸುವ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ. ಮುಂದೆ ಭಟ್ಟನಾಯಕನು ಪ್ರತಿಪಾದಿಸಿದ ‘ಸಾಧಾರಣೀಕರಣ’ದ ಪ್ರಕಾರ ರಂಗದ ಭಾವ ಯಾವೊಬ್ಬ ವ್ಯಕ್ತಿಗೂ ಸೇರಿದ್ದಲ್ಲ. ನಟನನ್ನು ಪಾತ್ರದೊಂದಿಗೆ ಬೆರೆಸಿ ದ್ವೇಷಿಸುವವನು ಚಿತ್ರದ ಕುದುರೆಯನ್ನು ಏರಲು ಹೊರಟವನಂತೆ.

ಫ್ರೆಂಚ್ ಚಿಂತಕ ದಿದೆರೊ ಕೂಡ ಶ್ರೇಷ್ಠ ನಟನು ತಾನು ತೋರಿಸುವ ಭಾವದಲ್ಲಿ ಮುಳುಗದೆ ಅದನ್ನು ನಿಯಂತ್ರಿಸುತ್ತಾನೆಂದು ವಾದಿಸಿದ್ದಾನೆ.

ಹೋಲುವ ಇತರ ಉದಾಹರಣೆಗಳು

ತಮಿಳಿನಲ್ಲಿ ಎಂ. ಜಿ. ರಾಮಚಂದ್ರನ್ ಅವರ ಚಿತ್ರಗಳಲ್ಲಿ ಖಳನಾಗಿ ಮೆರೆದ ಎಂ. ಎನ್. ನಂಬಿಯಾರ್ (1919–2008) ನಿಜಜೀವನದಲ್ಲಿ ಸಸ್ಯಾಹಾರಿಯೂ ಅಯ್ಯಪ್ಪಸ್ವಾಮಿಯ ನಿಷ್ಠಾವಂತ ಭಕ್ತರೂ ಆಗಿದ್ದರು. ಹಿಂದಿಯ ಪ್ರಾಣ್ ಅವರು ದಶಕಗಳ ಕಾಲ ಖಳನಾಗಿ ಪ್ರೇಕ್ಷಕರನ್ನು ಹೆದರಿಸಿದರೂ 2001ರಲ್ಲಿ ಪದ್ಮಭೂಷಣಕ್ಕೆ ಪಾತ್ರರಾದರು.

ಬಿಂಬವು ನಾಯಕನಟರನ್ನೂ ಬಂಧಿಸುತ್ತದೆ. ತೆರೆಯ ಸಜ್ಜನಿಕೆಯ ಬಲದಿಂದ ಎಂ. ಜಿ. ರಾಮಚಂದ್ರನ್ 1977ರಲ್ಲಿ, ಎನ್. ಟಿ. ರಾಮರಾವ್ 1983ರಲ್ಲಿ ಮುಖ್ಯಮಂತ್ರಿಗಳಾದರು. ಡಾ. ರಾಜಕುಮಾರ್ 1982ರ ಗೋಕಾಕ್ ಚಳವಳಿಯ ಮುಂಚೂಣಿಯಲ್ಲಿದ್ದರೂ ಚುನಾವಣಾ ರಾಜಕೀಯದಿಂದ ದೂರ ಉಳಿದರು.

ಮಹತ್ವ

ಪಾತ್ರವನ್ನೇ ವ್ಯಕ್ತಿಯೆಂದು ಭಾವಿಸಿದಾಗ ಎರಡು ನಷ್ಟಗಳಾಗುತ್ತವೆ. ಮೊದಲನೆಯದಾಗಿ, ನಟನ ಪರಿಶ್ರಮ ಮರೆಯಾಗುತ್ತದೆ. ಸ್ವಭಾವತಃ ಕ್ರೂರನಾದವನು ಕ್ರೌರ್ಯವನ್ನು ತೋರಿಸುವುದರಲ್ಲಿ ಕಲೆಯೇನೂ ಇಲ್ಲವೆಂಬ ತೀರ್ಮಾನಕ್ಕೆ ಪ್ರೇಕ್ಷಕ ಬರುತ್ತಾನೆ. ಎರಡನೆಯದಾಗಿ, ಒಬ್ಬ ಮನುಷ್ಯನಿಗೆ ಸಲ್ಲಬೇಕಾದ ನ್ಯಾಯ ಸಲ್ಲುವುದಿಲ್ಲ. ಹಿಂದೆ ವೃತ್ತಿರಂಗಭೂಮಿಯ ನಟಿಯರು ಈ ಅನ್ಯಾಯವನ್ನು ಹೆಚ್ಚು ಅನುಭವಿಸಿದರು. ರಾತ್ರಿ ಸತಿ ಸಾವಿತ್ರಿಯ ಪಾತ್ರಕ್ಕೆ ಕಣ್ಣೀರಿಟ್ಟ ಊರೇ ಬೆಳಗಾದರೆ ಆಕೆಯನ್ನು ಗೌರವದಿಂದ ಕಾಣುತ್ತಿರಲಿಲ್ಲ.

ಆದರೆ ‘ತೆರೆಯ ಖಳರೆಲ್ಲ ಮನೆಯಲ್ಲಿ ಸಂತರು’ ಎಂಬ ಮಾತೂ ಸಿದ್ಧ ಅಚ್ಚೇ ಆಗಿದೆ. ಪತ್ರಿಕಾ ಲೇಖನಗಳು ಮತ್ತು ಅಭಿನಂದನ ಭಾಷಣಗಳು ಕಟ್ಟಿಕೊಡುವುದು ಸಹ ಒಂದು ಬಿಂಬವೇ. ಆದುದರಿಂದ ನಟರ ಜೀವನವನ್ನು ಅಭ್ಯಾಸ ಮಾಡುವವರು ಅವರ ಪಾತ್ರವನ್ನು ಕಲೆಯ ಅಳತೆಯಿಂದಲೂ ವ್ಯಕ್ತಿತ್ವವನ್ನು ನಡತೆಯ ಅಳತೆಯಿಂದಲೂ ಬೇರೆ ಬೇರೆಯಾಗಿ ತೂಗಬೇಕಾಗುತ್ತದೆ.