ಕೃಷ್ಣಾತೀರದ ಬೆಳ್ಳಿಗೆಲಸ

ಬೆಳಗಾವಿ ಜಿಲ್ಲೆಯ ಉತ್ತರದಂಚಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಬೆಳೆದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯನ್ನು ಹೊರಗಿನವರು ಕಬ್ಬಿನಿಂದಲೋ ತಂಬಾಕಿನಿಂದಲೋ, ಹೆಚ್ಚೆಂದರೆ ಅಥಣಿಯ ಚಪ್ಪಲಿಯಿಂದಲೋ ಗುರುತಿಸುವರಲ್ಲದೆ, ಇಲ್ಲಿಯ ಪೇಟೆಗಳ ಓಣಿಗಳಲ್ಲಿ ಬೆಳ್ಳಿಬಂಗಾರಗಳನ್ನು ಕರಗಿಸಿ, ಬಡಿದು, ಎಳೆದು, ಬೆಸೆದು ಬದುಕುತ್ತ ಬಂದ ಪತ್ತಾರರನ್ನು ನೆನೆಯುವವರು ವಿರಳ. ಬಂಗಾರದ ಅಂಗಡಿಯ ಕನ್ನಡಿ ಬಾಗಿಲಿನ ಥಳಕು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರ ಹಿಂದಣ ಓಣಿಯಲ್ಲಿ ನೆಲದ ಮೇಲೆ ಕುಳಿತವನ ಕೈ ಕಾಣುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಕೈಯ ನಿಜವಾದ ಸೃಷ್ಟಿಶಕ್ತಿಯನ್ನು ಅರಿಯಬೇಕೆಂಬವನು ಬಂಗಾರವನ್ನು ಬಿಟ್ಟು ಬೆಳ್ಳಿಯ ಕಡೆಗೆ ನೋಡತಕ್ಕದ್ದು. ಬಂಗಾರದಲ್ಲಿ ಗಿರಾಕಿಯ ಲಕ್ಷ್ಯವೆಲ್ಲ ಲೋಹದ ಬೆಲೆಯ ಮೇಲಿರುತ್ತದೆ. ಬೆಳ್ಳಿಯಲ್ಲಿ ಕೆಲಸದ ಮೇಲೆ ಒಂದಿಷ್ಟಾದರೂ ಉಳಿಯುತ್ತದೆ.

ಪತ್ತಾರನ ದಿನ ಆರಂಭವಾಗುವುದು ಬೆಂಕಿಯಿಂದಲ್ಲ, ತಕ್ಕಡಿಯಿಂದ. ನಿನ್ನೆ ಸಂಜೆ ಬಂದ ಮುರುಕು ಕಾಲುಂಗುರ, ಸವೆದ ಉಡದಾರ, ಕೊಂಡಿ ಕಿತ್ತ ಗೆಜ್ಜೆಗಳನ್ನು ತೂಗಿ, ಚೀಟಿಯಲ್ಲಿ ಬರೆದು, ಆಮೇಲೆ ಅವನು ಮೂಸೆಯನ್ನು ಮುಟ್ಟುವನು. ಹಿಂದಿನ ಲೆಕ್ಕದಲ್ಲಿ 8 ಗುಲಗಂಜಿಗೆ ಒಂದು ಮಾಸಿ, 12 ಮಾಸಿಗೆ ಒಂದು ತೊಲಿ. ಆ ತೊಲಿ ಇಂದಿನ 11.66 ಗ್ರಾಮಿಗೆ ಸಮನಾದುದು. ಈಗಿನ ಪೇಟೆಯ ಮಾತಿನಲ್ಲಾದರೋ ತೊಲಿಯೆಂದರೆ 10 ಗ್ರಾಮು. ಆದುದರಿಂದ ಅಜ್ಜಿಯ ಬಾಯಿಲೆಕ್ಕದ ತೊಲಿಯನ್ನು ನಂಬಿ ಬಂದ ಮೊಮ್ಮಗಳಿಗೂ ಪತ್ತಾರನ ತಕ್ಕಡಿಗೂ ಹೊಂದಿಕೆಯಾಗದೆ ವಾಗ್ವಾದ ನಡೆಯುವುದುಂಟು. ಸಾಮಾನ್ಯವಾಗಿ ಅಜ್ಜಿಯೂ ಸುಳ್ಳಾಡಿರುವುದಿಲ್ಲ, ತಕ್ಕಡಿಯೂ ಸುಳ್ಳಾಡಿರುವುದಿಲ್ಲ.

ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಇದ್ದಿಲ ಅಗ್ಗಿಷ್ಟಿಕೆಗಳು ಗ್ಯಾಸಿನ ಜ್ವಾಲೆಗೆ ಎಡೆಮಾಡಿಕೊಟ್ಟಿವೆಯಾದರೂ, ಮೂಸೆಯಲ್ಲಿಯ ಲೋಹ ಹದಕ್ಕೆ ಬಂತೋ ಇಲ್ಲವೋ ಎಂಬ ನಿರ್ಣಯ ಈಗಲೂ ಕಣ್ಣಿಗೇ ಬಿಟ್ಟದ್ದು. ಬಿಳಿಗಾರದ ಪುಡಿಯನ್ನು ಉದುರಿಸಿದೊಡನೆ ಅದು ಗಾಜಿನಂತೆ ಕರಗಿ ಮೇಲಣ ಕಲ್ಮಷವನ್ನೆಲ್ಲ ಹೀರಿಕೊಂಡು ಬದಿಗೆ ಸರಿಯುವುದು, ಬೆಳ್ಳಿಯ ಮೈ ಕನ್ನಡಿಯಾಗಿ ಹೊರಳುವುದು. ಆಗ ತಡಮಾಡದೆ ಎಣ್ಣೆ ಸವರಿದ ಕಬ್ಬಿಣದ ಅಚ್ಚಿಗೆ ಸುರಿಯಬೇಕು. ಶುದ್ಧ ಬೆಳ್ಳಿ ತೀರ ಮೆದು, ದಿನಬಳಕೆಗೆ ನಿಲ್ಲದು. ತಾಮ್ರ ಬೆರೆತರೆ ಗಟ್ಟಿಯಾಗುತ್ತದೆ. ಸಾವಿರದಲ್ಲಿ 925 ಪಾಲು ಬೆಳ್ಳಿಯುಳ್ಳ ಮಿಶ್ರಣವನ್ನು ಲೋಕವೆಲ್ಲ ಉತ್ತಮವೆಂದು ಒಪ್ಪಿದೆ. ತಾಮ್ರ ಎಷ್ಟು ಎಂಬಲ್ಲಿಯೇ ಪತ್ತಾರನ ಮರ್ಯಾದೆ ಅಡಗಿರುವುದರಿಂದ, ಶುದ್ಧತೆಯನ್ನು ಕುರಿತ ‘ಟಂಚ ಎಷ್ಟೈತ್ರೀ?’ ಎಂಬ ಪ್ರಶ್ನೆ ಈ ಪೇಟೆಯಲ್ಲಿ ಕುಶಲಪ್ರಶ್ನೆಯಷ್ಟೇ ಸಹಜ.

ಈ ಸೀಮೆಯ ಬೆಳ್ಳಿಗೆಲಸಗಳಲ್ಲಿ ನನಗೆ ಸರ್ವೋತ್ಕೃಷ್ಟವಾಗಿ ತೋರುವುದು ಇಷ್ಟಲಿಂಗದ ಕರಡಿಗೆ. ಗಚ್ಚಿನಮಠದಲ್ಲಿ ನೆಲಸಿದ ಮುರುಘೇಂದ್ರ ಶಿವಯೋಗಿಗಳಿಂದ (1836–1921) ಅಥಣಿಯ ಹೆಸರು ಲಿಂಗಾಯತ ಜನಸ್ತೋಮದಲ್ಲಿ ದೂರದವರೆಗೆ ಹಬ್ಬಿತು. ಲಿಂಗಪೂಜೆಯ ನಿಷ್ಠೆ ಇಷ್ಟು ಬಲವಾದ ನೆಲದಲ್ಲಿ ಲಿಂಗವನ್ನು ಹೊರುವ ಸಂಪುಟಕ್ಕೆ ಗಿರಾಕಿ ತಪ್ಪುವುದೆಂತು? ಚೌಕ, ಗುಂಡಗಡಿಗೆ, ಎರಡೂ ತುದಿ ಚೂಪಾದ ಕರಡಿಗೆ ಎಂದು ಆಕಾರಭೇದಗಳುಂಟು. ತಗಡನ್ನು ಬಡಿಯುತ್ತ ಹೋದಂತೆ ಬೆಳ್ಳಿ ಹಟಮಾರಿಯಾಗಿ ಗಡುಸಾಗುತ್ತದೆ. ಇನ್ನೊಂದು ಪೆಟ್ಟಿಗೆ ಅಂಚು ಸೀಳೀತು ಎಂಬಷ್ಟರಲ್ಲಿ ಅದನ್ನು ಮಂದಗೆಂಪು ಬಣ್ಣ ಬರುವವರೆಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆತ್ತಗಾಗಿ ಕೈಗೆ ಬಗ್ಗುತ್ತದೆ. ಬಡಿಯುವುದು, ಕಾಯಿಸುವುದು, ಪುನಃ ಬಡಿಯುವುದು. ಹೀಗೆ ತಗ್ಗುಗಳುಳ್ಳ ಅಚ್ಚಿನ ಮೇಲೆ ಸಪಾಟಾದ ತಗಡು ಮೆಲ್ಲಮೆಲ್ಲನೆ ಬಟ್ಟಲಾಗುವುದನ್ನು ನೋಡುತ್ತ ಕುಳಿತವನಿಗೆ ಹೊತ್ತು ಹೋದುದೇ ತಿಳಿಯದು.

ಆದರೆ ಕಷ್ಟದ ಭಾಗ ಮುಂದಿದೆ. ಲಿಂಗದ ಮೇಲಣ ಕಂಥೆಯೆಂಬ ಲೇಪದ ಗಾತ್ರ ಒಬ್ಬೊಬ್ಬರದು ಒಂದೊಂದು ಬಗೆಯಾದುದರಿಂದ ಒಳಗಿನ ಅಳತೆ ಅದಕ್ಕೆ ಒಪ್ಪಬೇಕು. ಮುಚ್ಚಳ ಬಿಗಿಯಾದರೆ ಮುಂಜಾನೆ ಪೂಜೆಯ ಹೊತ್ತಿನಲ್ಲಿ ಭಕ್ತನ ಬೆರಳು ಪರದಾಡೀತು, ಸಡಿಲಾದರೆ ನಡೆವಾಗ ಎದೆಯ ಮೇಲೆ ಟಕಟಕ ಸದ್ದಾದೀತು. ಅಂಚನ್ನು ಅರದಿಂದ ಕೂದಲೆಳೆಯಷ್ಟು ಸವರಿ, ಮುಚ್ಚಿ, ಕಿವಿಯ ಬಳಿ ಹಿಡಿದು ಕುಲುಕಿ, ಮತ್ತೆ ಸವರುವ ಆ ಪರೀಕ್ಷೆಗೆ ಯಂತ್ರದ ನೆರವಿಲ್ಲ. ಶಿವದಾರ ಹಾಯುವ ಕೊಂಡಿಗಳನ್ನು ಬೆಸೆಯುವಾಗ ಎರಡೂ ಬದಿಯ ತೂಕ ಸಮನಿರದಿದ್ದರೆ ಕರಡಿಗೆ ಎದೆಯ ಮೇಲೆ ವಾಲುತ್ತದೆ. ಇಷ್ಟೆಲ್ಲ ನಿಯಮಗಳ ನಡುವೆ ಪತ್ತಾರನ ಸ್ವಂತದ್ದೆಂಬುದು ಉಳಿಯುವುದು ಎಲ್ಲಿ? ಮೇಲಣ ಕೆತ್ತನೆಯಲ್ಲಿ. ಬಳ್ಳಿ, ನಂದಿ, ಎಸಳು ಎಂಬ ಪರಂಪರಾಗತ ವಸ್ತುಗಳೇ; ಆದರೆ ಬಳ್ಳಿ ಎಲ್ಲಿ ತಿರುವು ಪಡೆಯಬೇಕು, ಎಷ್ಟು ಜಾಗ ಬರಿದಾಗಿ ಉಳಿಯಬೇಕು ಎಂಬುದು ಅವನ ಚಿತ್ತ. ಬರಿದಾಗಿ ಬಿಡುವ ಧೈರ್ಯವಿಲ್ಲದವನ ಕೆಲಸವನ್ನು ದೂರದಿಂದಲೇ ಗುರುತಿಸಬಹುದು.

ಇದಕ್ಕೆ ತೀರ ವಿರುದ್ಧವಾದ ಪದ್ಧತಿಯೊಂದು ಗಡಿಗೆ ಅಂಟಿಕೊಂಡೇ ಇದೆ. ನಿಪ್ಪಾಣಿಗೆ ಸಮೀಪದಲ್ಲಿರುವ ಹುಪರಿ, ಕೊಲ್ಹಾಪುರ ಜಿಲ್ಲೆಯ ಹಾತಕಣಂಗಲೆ ತಾಲೂಕಿಗೆ ಸೇರಿದ ಊರು. ಬೆಳ್ಳಿಯ ಕಾಲ್ಗೆಜ್ಜೆಗೆ ತಮಿಳುನಾಡಿನ ಸೇಲಂ ಹೇಗೋ ಹಾಗೆ ಈ ಭಾಗಕ್ಕೆ ಹುಪರಿ. ರಾಜ್ಯದ ಗಡಿ ಕೆಲಸಕ್ಕೆ ಗಡಿಯಾಗದೆ, ಈಚೆಕಡೆಯ ನಿಪ್ಪಾಣಿ ಸೀಮೆಯ ಹಳ್ಳಿಗಳ ಮನೆಗಳಿಗೂ ಅದು ಹಬ್ಬಿದೆ. ಅಲ್ಲಿ ಒಂದು ಗೆಜ್ಜೆಯನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಮಾಡುವುದಿಲ್ಲ. ಬೆಳ್ಳಿ ಕರಗಿಸುವವನು ಒಬ್ಬ, ತಂತಿ ಎಳೆಯುವವನು ಮತ್ತೊಬ್ಬ. ಅಚ್ಚಿನಲ್ಲಿ ಒತ್ತಿದ ಪುಟ್ಟ ಅರೆಗೋಳಗಳು ಜೋಡಿಯಾಗಿ ಕಿರುಗೆಜ್ಜೆಗಳಾಗುವುದು ಒಂದು ಮನೆಯಲ್ಲಿ, ಸರಪಳಿಯ ಕೊಂಡಿಗಳು ಒಂದರೊಳಗೊಂದು ಸೇರುವುದು ಇನ್ನೊಂದು ಮನೆಯಲ್ಲಿ, ಮೆರುಗು ಬರುವುದು ಮಗದೊಂದೆಡೆ. ವ್ಯಾಪಾರಿ ಬೆಳ್ಳಿಯನ್ನು ತೂಗಿ ಕೊಡುತ್ತಾನೆ, ಒಡವೆಯನ್ನು ತೂಗಿ ಕೊಳ್ಳುತ್ತಾನೆ. ನಡುವಣ ಮಜೂರಿ ಕೈಗಳದು. ಆ ಕೈಗಳಲ್ಲಿ ಹಲವು ಹೆಂಗಸರವು. ಅಡುಗೆ ಮುಗಿಸಿ, ಮಕ್ಕಳನ್ನು ಶಾಲೆಗೆ ಕಳಿಸಿ, ಪಡಸಾಲೆಯಲ್ಲಿ ಕುಳಿತು ಚಿಮಟದಿಂದ ಕೊಂಡಿ ಕೂಡಿಸುವವರ ಹೆಸರು ಯಾವ ಅಂಗಡಿಯ ಫಲಕದ ಮೇಲೂ ಇರುವುದಿಲ್ಲ.

ಇಡಿಯನ್ನು ಕಾಣದೆ ಬಿಡಿಯನ್ನು ಮಾತ್ರ ಮಾಡುವ ಈ ಕ್ರಮವನ್ನು ಕಲೆಯೆನ್ನಬಹುದೆ ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಆ ಆಕ್ಷೇಪ ಪೂರ್ತಿಯಾಗಿ ಒಪ್ಪಿಗೆಯಲ್ಲ. ಹೊಲವಿಲ್ಲದ ಮನೆಗಳಿಗೆ ಕಸುಬನ್ನು ಮುಟ್ಟಿಸಿದ್ದು ಈ ಹಂಚಿಕೆಯೇ; ಒಂದೇ ಕೆಲಸವನ್ನು ವರ್ಷಗಟ್ಟಲೆ ಮಾಡಿದ ಬೆರಳಿಗೆ ಬರುವ ವೇಗ, ಸಮತೆಗಳೂ ಒಂದು ಬಗೆಯ ವಿದ್ಯೆಯೇ ಸರಿ. ಆದರೂ ಹೊಸ ನಮೂನೆ ಹುಟ್ಟಬೇಕಾದರೆ ಇಡಿಯ ಕಲ್ಪನೆಯುಳ್ಳ ಒಬ್ಬ ಬೇಕೇಬೇಕು, ಅಂಥವರು ಕಡಮೆಯಾಗುತ್ತಿದ್ದಾರೆ ಎಂಬ ಮಾತನ್ನು ಅಲ್ಲಗಳೆಯಲಾರೆ.

ದೇವರ ಕೆಲಸ ಬಂದಾಗ ಪತ್ತಾರನಿಗೆ ಹಬ್ಬ. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಯ ಸುಮಾರಿಗೆ ನೆರೆಯುವ ಮಾಯಕ್ಕದೇವಿಯ ಜಾತ್ರೆಗೆ ಎರಡೂ ರಾಜ್ಯಗಳ ಭಕ್ತರು ಬರುವರು. ಬೆಳ್ಳಿಯ ಕಣ್ಣು, ತೊಟ್ಟಿಲುಗಳಂಥ ಹರಕೆಯ ವಸ್ತುಗಳು ಈ ನಾಡಿನ ದೇವಸ್ಥಾನಗಳಿಗೆಲ್ಲ ಸಲ್ಲುವಂಥವು. ಕಾಗವಾಡ, ಶೇಡಬಾಳ, ಸದಲಗಾ ಕಡೆಯ ಜೈನ ಬಸದಿಗಳಿಗೆ ಕಲಶ, ಛತ್ರ, ಪ್ರಭಾವಳಿ ಬೇಕು. ಪ್ರಭಾವಳಿ, ಮುಖವಾಡಗಳಲ್ಲಿ ಉಬ್ಬುಕೆಲಸವೇ ಪ್ರಧಾನ. ರಾಳ, ಇಟ್ಟಿಗೆಯ ಪುಡಿ, ಎಣ್ಣೆಗಳನ್ನು ಕಾಯಿಸಿ ಹದಗೊಳಿಸಿದ ಮೇಣದಂಥ ಹಾಸಿನ ಮೇಲೆ ತಗಡನ್ನು ಕೂರಿಸಿ, ಹಿಂದಿನಿಂದ ಮೊಂಡು ಉಳಿಯಿಂದ ಉಬ್ಬಿಸಿ, ತಿರುಗಿಸಿ ಮುಂದಿನಿಂದ ಸೂಕ್ಷ್ಮ ಉಳಿಯಿಂದ ಗೆರೆ ತಿದ್ದುವರು. ಹಾಸು ಗಟ್ಟಿಯಾದರೆ ತಗಡು ಹರಿಯುವುದು, ಮೆತ್ತಗಾದರೆ ಪೆಟ್ಟು ಹಬ್ಬಿ ಆಕಾರ ಕೆಡುವುದು. ಬೇಸಗೆಯ ಪಾಕ ಬೇರೆ, ಚಳಿಗಾಲದ ಪಾಕ ಬೇರೆ.

ಈ ಕಸುಬಿಗೆ ಬಂದ ದೊಡ್ಡ ಆಘಾತ 1963ರ ಜನವರಿಯದು. ಚಿನ್ನ ನಿಯಂತ್ರಣದ ಆಜ್ಞೆಯಿಂದ 14 ಕ್ಯಾರಟ್ಟಿಗಿಂತ ಹೆಚ್ಚಿನ ಶುದ್ಧತೆಯ ಒಡವೆ ಮಾಡುವುದು ನಿಷಿದ್ಧವಾಗಿ, ದೇಶದಾದ್ಯಂತ ಅಕ್ಕಸಾಲಿಗರು ಕೆಲಸವಿಲ್ಲದೆ ಕುಳಿತರು. 1968ರಲ್ಲಿ ಚಿನ್ನ ನಿಯಂತ್ರಣವು ಕಾಯಿದೆಯ ರೂಪ ತಾಳಿ, 1990ರಲ್ಲಿ ರದ್ದಾಯಿತು. ಬೆಳ್ಳಿಗೆ ಆ ಕಟ್ಟು ಇರಲಿಲ್ಲ.

ಇನ್ನು ಅಂಗಡಿಯ ಕಸದ ವಿಚಾರ. ಅರದ ಪುಡಿ, ಮೂಸೆಯ ಚೂರು, ಕೈ ತೊಳೆದ ನೀರಿನ ಗಸಿ, ಕುಳಿತ ಗೋಣಿತಾಟು ಎಲ್ಲಕ್ಕೂ ಇಲ್ಲಿ ಬೆಲೆಯುಂಟು. ಸಾಂಗಲಿ ಜಿಲ್ಲೆಯ ವಿಟಾ, ಖಾನಾಪುರ, ಆಟಪಾಡಿ ಸೀಮೆಯಿಂದ ಹೊರಟು ಭಾರತದ ಊರೂರುಗಳಲ್ಲಿ ನೆಲಸಿರುವ ಗಲಾಯಿಯವರು ಬೆರಕೆ ಲೋಹವನ್ನು ಶುದ್ಧಗೊಳಿಸುವುದರಲ್ಲಿ ನಿಷ್ಣಾತರು. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗಿ ನೀರಾಗುವುದು. ಆ ನೀರಿನಲ್ಲಿ ತಾಮ್ರದ ತುಂಡನ್ನು ಇಳಿಬಿಟ್ಟರೆ ತಾಮ್ರ ಕರಗುತ್ತ ಹೋಗಿ ಬೆಳ್ಳಿ ಬೂದುಬಣ್ಣದ ಪುಡಿಯಾಗಿ ತಳಸೇರುವುದು. ಆಮ್ಲದ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಇಕ್ಕಟ್ಟಾದ ಕೋಣೆಯಲ್ಲಿ ಕಿಟಕಿಯಿಲ್ಲದೆ ಈ ಕೆಲಸ ನಡೆಯುವುದನ್ನು ಕಂಡಾಗ, ಕಲೆಯ ಗುಣಗಾನ ಮಾಡುವ ನಮ್ಮಂಥವರಿಗೆ ಸ್ವಲ್ಪ ಸಂಕೋಚವಾಗಬೇಕು.

ಈಚೆಗೆ ಯಂತ್ರದ ಅಚ್ಚಿನ ಒಡವೆ ಅಗ್ಗವಾಗಿ ಬಂದು ಪತ್ತಾರನ ಪಾಲಿಗೆ ರಿಪೇರಿಯೇ ಹೆಚ್ಚಾಗಿ ಉಳಿದಿದೆ. ಇದನ್ನು ಅವನತಿಯೆಂದು ಕೆಲವರು ಮರುಗುವರು. ನಾನಾದರೋ ರಿಪೇರಿಯನ್ನು ಹೊಸ ಕೆಲಸಕ್ಕಿಂತ ಕಠಿಣವೆಂದೇ ಭಾವಿಸುತ್ತೇನೆ. ಗದ್ದೆಹೊಲದಲ್ಲಿ ನಡೆದು ತಳ ಸವೆದ ಕಾಲುಂಗುರವೋ ಹಲವು ಕಡೆ ಬೆಸುಗೆ ಕಂಡ ಹಳೆಯ ಡಾಬೋ ಬಂತೆನ್ನಿ; ಹೊಸ ಬೆಸುಗೆಗೆ ಉರಿ ಹಿಡಿದರೆ ಹಳೆಯ ಬೆಸುಗೆಗಳೆಲ್ಲ ಒಟ್ಟಿಗೆ ಬಿಚ್ಚಿಕೊಳ್ಳುವ ಭಯ. ಅದಕ್ಕಾಗಿ ಹಳೆಯ ಸಂದುಗಳ ಮೇಲೆ ಒದ್ದೆಮಣ್ಣು ಮೆತ್ತಿ, ಬೇಕಾದ ಸಂದಿಗೆ ಮಾತ್ರ ಬಿಳಿಗಾರ ಹಚ್ಚಿ, ಬೆಸುಗೆಯ ಚೂರಿಟ್ಟು, ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾನೆ. ಚೂರು ಮಿಂಚಿ ಹರಿದ ಕ್ಷಣವೇ ಉರಿ ಹಿಂದಕ್ಕೆ. ಆಮೇಲೆ ಮಣ್ಣು ತೊಳೆದು, ತೂಗಿ, ಮೊದಲಿನ ಚೀಟಿಯೊಡನೆ ತಾಳೆನೋಡಿ, ಕೂಡಿದ ಬೆಳ್ಳಿಗೆ ಇಷ್ಟು, ಮಜೂರಿಗೆ ಇಷ್ಟು ಎಂದು ಹೇಳುವನು. ‘ಇಷ್ಟಕ್ಕ ಇಷ್ಟ್ಯಾಕ್ರಿ ಪತ್ತಾರ ಅಣ್ಣಾ?’ ಎಂದು ಗಿರಾಕಿ ಚೌಕಾಸಿಗೆ ನಿಲ್ಲುವಳು. ಅವನು ಬೆಳ್ಳಿಯ ಬೆಲೆಯಲ್ಲಿ ಒಂದು ಪೈಯನ್ನೂ ಬಿಡದೆ, ಮಜೂರಿಯಲ್ಲಿ ಅರ್ಧ ಬಿಟ್ಟುಕೊಡುವನು.